ಹನ್ನೊಂದು ಜನ ಒಂದು ಕಡೆ, ನಾನೊಬ್ಬಳೇ ಇನ್ನೊಂದು ಕಡೆ ಆದರೆ?

ಪ್ರಶ್ನೆ: ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಇದ್ದೇನೆ. ಆಸ್ಪತ್ರೆಯಲ್ಲಿ ನರ್ಸ್. ಅಮೆರಿಕದ ಪೌರತ್ವ ಸಿಕ್ಕಿ ಎರಡು ವರ್ಷವಾಯಿತು. ಈಗ ಜ್ಯೂರಿ ಡ್ಯೂಟಿಗೆ, ಎಂದರೆ ಕೋರ್ಟಿನಲ್ಲಿ ಸಾಕ್ಷ್ಯ ಕೇಳಿ ತೀರ್ಪು ಹೇಳುವ ಜನಸಾಮಾನ್ಯರ ತಂಡದಲ್ಲಿ ಕೂರಲು, ಸಮನ್ಸ್ ಬಂದಿದೆ. ಇನ್ನೂ ಗ್ರೀನ್ ಕಾರ್ಡಿನಲ್ಲೇ ಇರುವ ನಮ್ಮ ಯಜಮಾನರಿಗೂ ಪ್ರಶ್ನಾವಳಿ ಬಂದಿದೆ. ಸ್ವಲ್ಪ ತಿಳಿದುಕೊಳ್ಳೋಣ ಎಂದು ‘ಟ್ವೆಲ್ವ್ ಆ್ಯಂಗ್ರಿ ಮೆನ್’ ಸಿನಿಮಾ ನೋಡಿದೆವು, ನೋಡಿದ ಮೇಲೆ ಭಯ ಹೆಚ್ಚಾಗಿದೆ. ಹನ್ನೊಂದು ಜನ ‘ಅಪರಾಧಿ’ ಅಂದು ನನಗೊಬ್ಬಳಿಗೇ ಅನುಮಾನ ಉಳಿದರೆ ಏನು ಮಾಡಲಿ? ಆ ಎಂಟನೆಯ ಜ್ಯೂರರ್ ಹಾಗೆ ನಾನೇ ಹೋಗಿ ಜಾಗ ನೋಡಿ ಬರಬಹುದೇ? ಗಾಯ, ರಕ್ತದ ವಿಚಾರ ಬಂದರೆ ನರ್ಸ್ ಆಗಿ ಗೊತ್ತಿರುವುದನ್ನು ಹೇಳಲೇಬೇಕಲ್ಲವೇ? ಮೈಸೂರಿನಲ್ಲಿರುವ ನಮ್ಮ ತಂದೆ, “ನಾನಾವತಿ ಕೇಸಿನಲ್ಲಿ ಜ್ಯೂರಿ ಎಡವಿದ್ದಕ್ಕೇ ನಮ್ಮ ದೇಶದಲ್ಲಿ ಅದನ್ನು ತೆಗೆದರು, ಏನಾದರೂ ನೆಪ ಹೇಳಿ ತಪ್ಪಿಸಿಕೋ” ಅನ್ನುತ್ತಿದ್ದಾರೆ.

ಉತ್ತರ: ಮೊದಲು ನಿಮ್ಮ ಯಜಮಾನರ ಕಾಗದ ನೋಡೋಣ. ಅದು ಸಿನಿಮಾಗಿಂತ ತುರ್ತಿನದು. ಜ್ಯೂರಿಯಲ್ಲಿ ಕೂರಲು ಅಮೆರಿಕದ ಪೌರರಾಗಿರಬೇಕು. ಗ್ರೀನ್ ಕಾರ್ಡ್ ಇದ್ದವರು ಕೂರುವಂತಿಲ್ಲ. ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್‌ನಂಥ ಪಟ್ಟಿಗಳಿಂದಲೂ ಹೆಸರು ಎತ್ತುವುದರಿಂದ ಪೌರರಲ್ಲದವರಿಗೂ ಕಾಗದ ಬರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ಮಾಡಬಾರದ ತಪ್ಪು ಎರಡು. ಒಂದು, ‘ನಮಗಲ್ಲ’ ಎಂದು ಕಾಗದವನ್ನು ಡ್ರಾಯರ್‌ಗೆ ಹಾಕಿ ಮರೆಯುವುದು. ಇನ್ನೊಂದು, ಅವಸರದಲ್ಲಿ ‘ಪೌರ ಹೌದು’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡುವುದು. ಇವೆರಡರಲ್ಲಿ ಎರಡನೆಯದು ತುಂಬ ಅಪಾಯದ್ದು. ಪೌರತ್ವ ಇದೆ ಎಂದು ಸುಳ್ಳು ಹೇಳಿದ ದಾಖಲೆ ವಲಸೆ ಕಾನೂನಿನಲ್ಲಿ ದೇಶದಿಂದ ಹೊರಹಾಕಲು ಕಾರಣವಾಗಬಲ್ಲದು. ‘ಪೌರನಲ್ಲ’ ಎಂದು ತುಂಬಿ, ಕೇಳಿದ ದಾಖಲೆ ಸೇರಿಸಿ ಕಳುಹಿಸಲಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಲಿ.

ಇನ್ನು ನಿಮ್ಮದು. ನರ್ಸ್ ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ವೃತ್ತಿಯ ಆಧಾರದ ವಿನಾಯಿತಿಗಳನ್ನೆಲ್ಲ ನ್ಯೂಯಾರ್ಕ್ 1996ರಲ್ಲೇ ತೆಗೆದುಹಾಕಿದೆ. ಡ್ಯೂಟಿ ರೋಸ್ಟರ್ ತೊಂದರೆ ಇದ್ದರೆ ದಿನ ಮುಂದೂಡಿಸಿಕೊಳ್ಳಬಹುದು, ಅದಕ್ಕೆ ಸಮನ್ಸ್‌ನಲ್ಲೇ ದಾರಿ ಹೇಳಿರುತ್ತಾರೆ. ಜ್ಯೂರಿಗೆ ಹೋದಿರೆಂದು ಆಸ್ಪತ್ರೆಯವರು ಕೆಲಸದಿಂದ ತೆಗೆಯುವಂತಿಲ್ಲ. ತಂದೆಯವರು ಹೇಳಿದ ‘ನೆಪ’ ಮಾತ್ರ ಬೇಡ. ಜ್ಯೂರರ್‌ಗಳನ್ನು ಆರಿಸುವಾಗ ಕೇಳುವ ಪ್ರಶ್ನೆಗಳಿಗೆ ಪ್ರಮಾಣ ಮಾಡಿ ಉತ್ತರಿಸುತ್ತೀರಿ, ಅಲ್ಲಿ ಸುಳ್ಳು ಹೇಳಿದರೆ ಅದು ಬೇರೆಯದೇ ಅಪರಾಧ. ನಿಜವಾದ ಕಷ್ಟವಿದ್ದರೆ, ಎಲ್ಲರೆದುರು ಹೇಳಲಾಗದ ವಿಷಯವಿದ್ದರೆ, “ಜಡ್ಜ್ ಜೊತೆ ಪ್ರತ್ಯೇಕವಾಗಿ ಮಾತಾಡಬೇಕು” ಎಂದು ಕೇಳಬಹುದು.

ಸಮನ್ಸ್ ಬಂತೆಂದರೆ ಕೊಲೆ ಕೇಸೇ ಬರುತ್ತದೆ ಎಂದೂ ಅಲ್ಲ. ಸಿವಿಲ್ ಕೇಸಿಗೆ ಹಾಕಿದರೆ ನ್ಯೂಯಾರ್ಕಿನಲ್ಲಿ ಆರು ಜನರ ಜ್ಯೂರಿ, ಐವರು ಒಪ್ಪಿದರೆ ತೀರ್ಪು. ಹನ್ನೆರಡೂ ಜನ ಒಪ್ಪಲೇಬೇಕು ಎಂಬುದು ಗಂಭೀರ ಕ್ರಿಮಿನಲ್ ಕೇಸಿನ ಮಾತು. ಕೊಲೆಯ ಕೇಸಾದರೆ ಎರಡೂ ಕಡೆಯ ವಕೀಲರಿಗೆ ಕಾರಣ ಕೊಡದೆಯೇ ತಲಾ 20 ಜನರನ್ನು ಬಿಡುವ ಹಕ್ಕಿದೆ. ಜನಾಂಗ ನೋಡಿ, ಗಂಡು ಹೆಣ್ಣೆಂದು ನೋಡಿ ಬಿಡುವುದನ್ನು ಮಾತ್ರ ಸುಪ್ರೀಂ ಕೋರ್ಟ್ 1986 ಮತ್ತು 1994ರ ತೀರ್ಪುಗಳಲ್ಲಿ ನಿಷೇಧಿಸಿದೆ. ಇಡೀ ದಿನ ಕಾದು, ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ ಮನೆಗೆ ಬರುವವರು ಬಹಳ. ಆಯ್ಕೆಯಾದವರಲ್ಲಿ ಮೊದಲು ಹೆಸರು ಕೂಗಿಸಿಕೊಂಡವರೇ ಸಾಮಾನ್ಯವಾಗಿ ಫೋರ್‌ಪರ್ಸನ್ ಆಗುತ್ತಾರೆ. ಜ್ಯೂರಿಯ ಪರವಾಗಿ ತೀರ್ಪು ಓದುವವರು ಅವರು. ಅದು ಮುಖ್ಯಸ್ಥನ ಪದವಿಯೇನಲ್ಲ, ಅವರ ಮತವೂ ಒಂದೇ.

ಈಗ ಸಿನಿಮಾ. ರೆಜಿನಾಲ್ಡ್ ರೋಸ್ ಇದನ್ನು ಮೊದಲು ಬರೆದದ್ದು 1954ರ ಟಿವಿ ನಾಟಕವಾಗಿ, ಅದೂ ನ್ಯೂಯಾರ್ಕಿನಲ್ಲಿ ತಾವೇ ಜ್ಯೂರರ್ ಆಗಿ ಕೂತು ಬಂದ ಮೇಲೆ. ಸಿಡ್ನಿ ಲುಮೆಟ್ 1957ರಲ್ಲಿ ಸಿನಿಮಾ ಮಾಡಿದರು. ಹದಿಹರೆಯದ ಹುಡುಗನೊಬ್ಬ ತಂದೆಯನ್ನು ಚಾಕುವಿನಿಂದ ಕೊಂದ ಎಂಬ ಆರೋಪ. ಅಪರಾಧಿ ಎಂದರೆ ಮರಣದಂಡನೆ ಕಡ್ಡಾಯ. ಮೊದಲ ಮತ 11–1. ಹೆನ್ರಿ ಫಾಂಡಾ ಮಾಡಿದ ಎಂಟನೆಯ ಜ್ಯೂರರ್ ಒಬ್ಬನೇ ಕೈ ಎತ್ತುವುದಿಲ್ಲ. ಅಲ್ಲಿಂದ 6–6ಕ್ಕೆ ಬಂದು, ಕೊನೆಗೆ ಹನ್ನೆರಡೂ ಮಂದಿ ಖುಲಾಸೆಗೆ ಒಪ್ಪುತ್ತಾರೆ. ಸೆಕೆಯ ಒಂದೇ ಕೋಣೆಯಲ್ಲಿ ಒಂದೂವರೆ ಗಂಟೆ ನಮ್ಮನ್ನು ಹಿಡಿದು ಕೂರಿಸುವ ಸಿನಿಮಾ ಅದು, ಅದರ ಮೇಲಿನ ಗೌರವ ನನಗೆ ಕಡಿಮೆಯಾಗಿಲ್ಲ. ಆದರೆ ಅದನ್ನು ಜ್ಯೂರಿಯ ಕೈಪಿಡಿಯಾಗಿ ಇಟ್ಟುಕೊಳ್ಳಬೇಡಿ. ಎಂಟನೆಯವನ ದೊಡ್ಡಸ್ತಿಕೆ ಅವನ ಪತ್ತೇದಾರಿಯಲ್ಲಿಲ್ಲ. ಕೋರ್ಟಿನಲ್ಲಿ ಎಲ್ಲರೂ ಕೇಳಿದ್ದನ್ನೇ ಇನ್ನೊಮ್ಮೆ ನಿಧಾನವಾಗಿ ಕೇಳಿ ನೋಡೋಣ ಎಂದದ್ದರಲ್ಲಿ ಇದೆ. ಈ ಎರಡನ್ನು ಬೇರೆ ಮಾಡಿಕೊಂಡರೆ ನಿಮ್ಮ ಮುಕ್ಕಾಲು ಭಯ ಕಳೆಯುತ್ತದೆ.

ಚಾಕುವಿನ ದೃಶ್ಯ ನೆನಪಿಸಿಕೊಳ್ಳಿ. ಇಂಥ ಚಾಕು ಬಲು ಅಪರೂಪ, ಅಂಗಡಿಯವನ ಹತ್ತಿರ ಇದ್ದದ್ದೇ ಒಂದು ಎಂಬುದು ಪ್ರಾಸಿಕ್ಯೂಷನ್ ವಾದ. ಮುದ್ದೆಮಾಲು ತರಿಸಿ ಮೇಜಿಗೆ ಚುಚ್ಚಿದಾಗ, ಎಂಟನೆಯವನು ಜೇಬಿನಿಂದ ಅಂಥದೇ ಇನ್ನೊಂದು ತೆಗೆದು ಪಕ್ಕಕ್ಕೆ ಚುಚ್ಚುತ್ತಾನೆ. ಹಿಂದಿನ ರಾತ್ರಿ ಆ ಕೇರಿಯಲ್ಲಿ ಸುತ್ತಾಡಿ ಆರು ಡಾಲರಿಗೆ ಕೊಂಡದ್ದು. ಸಿನಿಮಾದಲ್ಲಿ ಮೈ ಜುಮ್ಮೆನ್ನುವ ಗಳಿಗೆ ಅದು. ಕೋರ್ಟಿನ ಕಣ್ಣಿಗೆ ಅದು ಜ್ಯೂರರ್‌ನ ದುರ್ನಡತೆ. ಕಾರಣ ಸರಳ. ಕೋರ್ಟಿಗೆ ಬಂದ ಪ್ರತಿ ಸಾಕ್ಷ್ಯವನ್ನೂ ಎದುರು ಕಡೆಯವರು ಪಾಟೀಸವಾಲಿಗೆ ಒಡ್ಡಬಹುದು. ಈ ಚಾಕು ಎಲ್ಲಿಯದು, ಅಂಗಡಿಗೆ ಯಾವಾಗ ಬಂತು, ಕೊಲೆಯ ಆಮೇಲೆ ತರಿಸಿಟ್ಟದ್ದೋ ಎಂದು ಕೇಳಲು ಯಾರಿಗೂ ಅವಕಾಶವಿಲ್ಲ. ಇವತ್ತು ಒಬ್ಬರು ಆರೋಪಿಯ ಪರವಾಗಿ ಹೀಗೆ ತಂದರೆ, ನಾಳೆ ಇನ್ನೊಬ್ಬರು ವಿರುದ್ಧವಾಗಿ ತರುತ್ತಾರೆ.

ಇದು ಬರೀ ಪುಸ್ತಕದ ನಿಯಮವಲ್ಲ. ಜ್ಯೂರರ್‌ಗಳು ತಾವೇ ಸ್ಥಳಕ್ಕೆ ಹೋಗಿ ಘಟನೆಯನ್ನು ಅಭಿನಯಿಸಿ ನೋಡಿದ ಡಿ ಲೂಸಿಯಾ ಪ್ರಕರಣದಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 1967ರಲ್ಲಿ, ಮರುವಿಚಾರಣೆಗೆ ಅಂಥ ಭೇಟಿಯೊಂದೇ ಸಾಕಾದ ಕಾರಣ ಎಂದಿತು. 1979ರ ಬ್ರೌನ್ ಪ್ರಕರಣದಲ್ಲಿ ಇನ್ನೂ ಚಿಕ್ಕ ತಪ್ಪು. ಪೊಲೀಸ್ ಅಧಿಕಾರಿಗೆ ಅಲ್ಲಿಂದ ಕಾಣಿಸಿರಲು ಸಾಧ್ಯವೇ ಎಂದು ಜ್ಯೂರರ್ ಒಬ್ಬರು ತಮ್ಮ ವ್ಯಾನಿನಲ್ಲಿ ಕೂತು ಪರೀಕ್ಷಿಸಿ, ಫಲಿತಾಂಶವನ್ನು ಉಳಿದವರಿಗೆ ಹೇಳಿದರು. ಅಷ್ಟಕ್ಕೇ ಮರುವಿಚಾರಣೆ. ಈಗ ಇದರ ರೂಪ ಫೋನು. ಹಿಂದೆ ಜ್ಯೂರಿಯನ್ನು ರಾತ್ರಿ ಹೋಟೆಲಿನಲ್ಲಿ ಇಡುತ್ತಿದ್ದರು. ನ್ಯೂಯಾರ್ಕ್ 2001ರಲ್ಲಿ ಆ ಕಡ್ಡಾಯ ತೆಗೆದ ಮೇಲೆ ಚರ್ಚೆಯ ನಡುವೆಯೂ ಮನೆಗೆ ಬರುತ್ತೀರಿ. ರಾತ್ರಿ ಊಟವಾದ ಮೇಲೆ ಮ್ಯಾಪಿನಲ್ಲಿ ಆ ಬೀದಿ ತೆರೆದು ನೋಡುವುದು, ಔಷಧದ ಹೆಸರು ಹುಡುಕುವುದು, ಯಜಮಾನರಿಗೆ “ಇವತ್ತು ಒಬ್ಬ ಸಾಕ್ಷಿ ಹೀಗಂದ” ಅನ್ನುವುದು, ಮೂರೂ ನಿಷಿದ್ಧ. ಮೈಸೂರಿಗೆ ಫೋನು ಮಾಡಿ ತಂದೆಯವರ ಹತ್ತಿರ ಹೇಳುವುದೂ ಅಷ್ಟೇ. ಕೇಸು ಮುಗಿದ ಮೇಲೆ ಎಲ್ಲ ಹೇಳಬಹುದು.

“ಆದರೆ ಅವನು ಹುಡುಗನನ್ನು ಉಳಿಸಿದನಲ್ಲ” ಎಂದು ನಿಮಗೆ ಅನ್ನಿಸಬಹುದು. ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಅದೇ ರಾಜ್ಯ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ, ಹಾಗಾಗಿ ಸಿನಿಮಾದ ಕೊನೆಯಲ್ಲಿ ಹುಡುಗ ಕ್ಷೇಮ. ಮತ 6–6 ಇದ್ದಾಗ ಚಾಕುವಿನ ಸಂಗತಿ ಹೊರಗೆ ಗೊತ್ತಾಗಿದ್ದರೆ? ಜಡ್ಜ್ ವಿಚಾರಣೆಯನ್ನೇ ರದ್ದು ಮಾಡಬಹುದಿತ್ತು. ಆಗ ಹುಡುಗ ಜೈಲಿನಲ್ಲೇ ಕಾದು, ಹೊಸ ಹನ್ನೆರಡು ಜನರೆದುರು ಮೊದಲಿನಿಂದ ನಿಲ್ಲಬೇಕಿತ್ತು. ಆ ಹನ್ನೆರಡರಲ್ಲಿ ಇನ್ನೊಬ್ಬ ಎಂಟನೆಯವನು ಇರುತ್ತಿದ್ದ ಎಂಬ ಖಾತ್ರಿ ಇಲ್ಲ.

ಹೆಚ್ಚಿನವರು ಗಮನಿಸದ ಇನ್ನೊಂದು ತಪ್ಪಿದೆ, ನನ್ನ ದೃಷ್ಟಿಯಲ್ಲಿ ಅದು ಚಾಕುವಿಗಿಂತ ದೊಡ್ಡದು. ವಾದ ಮುಂದೆ ಸಾಗದಿದ್ದಾಗ ಎಂಟನೆಯವನು ಒಂದು ಒಪ್ಪಂದ ಮುಂದಿಡುತ್ತಾನೆ: ‘ನೀವು ಹನ್ನೊಂದು ಜನ ಚೀಟಿ ಹಾಕಿ. ಹನ್ನೊಂದೂ ಅಪರಾಧಿ ಅಂದರೆ ನಾನೂ ಒಪ್ಪುತ್ತೇನೆ.’ ಮುದುಕ ಒಂಬತ್ತನೆಯವನು ಚೀಟಿ ಬದಲಿಸಿದ್ದರಿಂದ ಕಥೆ ಉಳಿಯಿತು. ಅವನು ಬದಲಿಸದಿದ್ದರೆ, ಮನಸ್ಸಿನಲ್ಲಿ ಸಂಶಯ ಇಟ್ಟುಕೊಂಡೇ ಒಬ್ಬ ಹುಡುಗನ ಮರಣದಂಡನೆಗೆ ಕೈ ಎತ್ತಿದಂತಾಗುತ್ತಿತ್ತು. ಜ್ಯೂರರ್ ಮಾಡುವ ಪ್ರಮಾಣ ಅವರವರ ಸ್ವಂತ ತೀರ್ಮಾನದ್ದು. ‘ಬೇರೆಯವರೆಲ್ಲ ಹೀಗೆಂದರೆ ನಾನೂ ಹೀಗೆ’ ಎಂಬ ಮಾತನ್ನು ಯಾರಿಗೂ ಕೊಡಬೇಡಿ, ಸಂಜೆಯಾಯಿತು, ಮಗುವನ್ನು ಡೇಕೇರ್‌ನಿಂದ ಕರೆತರಬೇಕು ಎಂದು ಪಕ್ಕದವರು ಚಡಪಡಿಸುತ್ತಿದ್ದರೂ ಸರಿ. ಗುಂಪಿನಲ್ಲಿ ಗೋವಿಂದ ಅನ್ನಲು ಅದು ಜಾಗವಲ್ಲ.

ಹಾಗಾದರೆ ಅವನು ಸರಿಯಾಗಿ ಮಾಡಿದ್ದೇನು? ಕೆಳಗಿನ ಮಹಡಿಯ ಮುದುಕ, ದೇಹ ಬಿದ್ದ ಸದ್ದು ಕೇಳಿ 15 ಸೆಕೆಂಡಿನಲ್ಲಿ ಬಾಗಿಲಿಗೆ ಬಂದೆ, ಹುಡುಗ ಮೆಟ್ಟಿಲಿಳಿದು ಓಡುವುದನ್ನು ಕಂಡೆ ಎಂದಿರುತ್ತಾನೆ. ಎಂಟನೆಯವನು ಆ ಮನೆಯ ನಕ್ಷೆಯನ್ನು ಕೇಳಿ ತರಿಸಿಕೊಳ್ಳುತ್ತಾನೆ. ಅದು ಕೋರ್ಟಿನಲ್ಲಿ ದಾಖಲಾದದ್ದು. ಮುದುಕ ಕಾಲೆಳೆದು ನಡೆದದ್ದನ್ನು ಹನ್ನೆರಡೂ ಜನ ಕಟಕಟೆಯಲ್ಲಿ ನೋಡಿದ್ದಾರೆ. ಹಾಸಿಗೆಯಿಂದ ಕೋಣೆಯ ಬಾಗಿಲಿಗೆ 12 ಅಡಿ, ಅಲ್ಲಿಂದ ಹಜಾರ ದಾಟಿ ಹೊರಬಾಗಿಲಿಗೆ 43 ಅಡಿ. ಕುರ್ಚಿಗಳನ್ನು ಹಾಸಿಗೆಯೆಂದು ಇಟ್ಟು, ಹೆಜ್ಜೆಯಲ್ಲಿ ದೂರ ಅಳೆದು, ಗಡಿಯಾರ ಹಿಡಿದು ನಡೆದರೆ 41 ಸೆಕೆಂಡು. ಹೊರಗಿನಿಂದ ಏನೂ ಬಂದಿಲ್ಲ. ದಾಖಲಾದ ನಕ್ಷೆ, ಎಲ್ಲರೂ ಕಂಡ ನಡಿಗೆ, ಸಾಮಾನ್ಯ ತಿಳಿವಳಿಕೆ, ಇಷ್ಟೇ. ಚರ್ಚೆಯ ಕೋಣೆಯೊಳಗೆ ಹೀಗೆ ಮಾಡಿ ನೋಡುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯ ಕೆಲಸ ಅದು.

ಹಾದು ಹೋಗುತ್ತಿದ್ದ ರೈಲಿನ ಕಿಟಕಿಗಳ ಮೂಲಕ ಕೊಲೆಯನ್ನು ಕಂಡೆ ಎಂದ ಎದುರು ಕಟ್ಟಡದ ಹೆಂಗಸಿನ ಮೂಗಿನ ಮೇಲಿದ್ದ ಕನ್ನಡಕದ ಗುರುತೂ ಹಾಗೆಯೇ. ಸಾಕ್ಷಿ ಹೇಳುವವರ ಮುಖ, ನಡವಳಿಕೆ ಗಮನಿಸುವುದು ಜ್ಯೂರಿಯ ಕೆಲಸವೇ. ಅವಳ ದೃಷ್ಟಿ ಎಷ್ಟು ಮಂದ ಎಂಬ ಸಾಕ್ಷ್ಯ ಮಾತ್ರ ಇರಲಿಲ್ಲ. ಹುಡುಗನ ವಕೀಲರು ಪಾಟೀಸವಾಲಿನಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಅದು ನಿಜವಾದ ಕೇಸುಗಳಲ್ಲೂ ಆಗುವ ಲೋಪ. ಆಗ ಜ್ಯೂರಿ ಖಾಲಿ ಜಾಗವನ್ನು ಊಹೆಯಿಂದ ತುಂಬಬಾರದು, ಪುರಾವೆ ಇಲ್ಲ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಶಯದ ಲಾಭ ಎಂದು ನಮ್ಮ ಕೋರ್ಟುಗಳಲ್ಲೂ ಹೇಳುತ್ತಾರಲ್ಲ, ಅದರ ತಿರುಳು ಇದು. ಆ ಸಂಶಯಕ್ಕೆ ಸಾಕ್ಷ್ಯದಲ್ಲೋ, ಸಾಕ್ಷ್ಯದ ಕೊರತೆಯಲ್ಲೋ ಕಾರಣ ಇರಬೇಕು. ‘ಯಾಕೋ ಮನಸ್ಸು ಒಪ್ಪುತ್ತಿಲ್ಲ’ ಎಂಬಷ್ಟು ಸಾಲದು, ‘ನೂರಕ್ಕೆ ನೂರು ಗೊತ್ತಾಗಲೇಬೇಕು’ ಎಂಬಷ್ಟೂ ಬೇಡ. ಎಂಟನೆಯವನು ಕೊನೆಯವರೆಗೂ ಹುಡುಗ ನಿರಪರಾಧಿ ಎಂದು ಸಾಧಿಸುವುದಿಲ್ಲ. ಸಾಬೀತಾಗಿಲ್ಲ ಎನ್ನುತ್ತಾನೆ, ಅಷ್ಟೇ.

ನೀವು ನರ್ಸ್ ಆಗಿರುವುದರಿಂದ ಐದನೆಯ ಜ್ಯೂರರ್ ದೃಶ್ಯ ನಿಮಗೆ ಮುಖ್ಯ. ಕೊಳೆಗೇರಿಯಲ್ಲಿ ಬೆಳೆದ ಅವನು, ಇಂಥ ಚಾಕು ಬಳಸಿ ಗೊತ್ತಿದ್ದವರು ಕೆಳಗಿನಿಂದ ಮೇಲಕ್ಕೆ ತಿವಿಯುತ್ತಾರೆ, ಮೇಲಿನಿಂದ ಕೆಳಕ್ಕೆ ಚುಚ್ಚುವುದಿಲ್ಲ ಎಂದು ಮಾಡಿ ತೋರಿಸುತ್ತಾನೆ. ಬದುಕಿನ ಅನುಭವವೋ, ಪರಿಣತರ ಸಾಕ್ಷ್ಯವೋ? ಗೆರೆ ತೆಳುವಾದದ್ದು. ನ್ಯೂಯಾರ್ಕಿನಲ್ಲಿ ಆ ಗೆರೆ ಎಳೆದದ್ದು 2000ದ ಮರಾ ಪ್ರಕರಣ, ಅದರಲ್ಲಿ ಇದ್ದವರೂ ನರ್ಸ್‌ಗಳೇ. ಜ್ಯೂರಿಯಲ್ಲಿದ್ದ ಇಬ್ಬರು ನರ್ಸ್‌ಗಳು ರಕ್ತಸ್ರಾವದ ಪ್ರಮಾಣದ ಬಗ್ಗೆ ತಮ್ಮದೇ ಅಂದಾಜನ್ನು ಉಳಿದವರ ಮುಂದಿಟ್ಟರು, ಸಾವಿನ ಕಾರಣದ ಚರ್ಚೆ ಅದರ ಮೇಲೆ ನಡೆಯಿತು. ಶಿಕ್ಷೆ ನಿಲ್ಲಲಿಲ್ಲ. ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಸಾಮಾನ್ಯರಿಗೆ ತಿಳಿಯದ ವಿಶೇಷ ಜ್ಞಾನದಿಂದ, ಕೇಸಿನ ಮುಖ್ಯ ಪ್ರಶ್ನೆಯ ಬಗ್ಗೆ ಸ್ವಂತ ತೀರ್ಮಾನ ಕಟ್ಟಿ, ಅದನ್ನು ಸಾಕ್ಷ್ಯವೆಂಬಂತೆ ಉಳಿದವರಿಗೆ ಹೇಳಬಾರದು.

ಹಾಗೆಂದು ನರ್ಸಿಂಗ್ ಮರೆತು ಕೂರಿ ಎಂದಲ್ಲ. ಆಯ್ಕೆಯ ಹಂತದಲ್ಲೇ ಯಾವ ವಾರ್ಡ್, ಎಷ್ಟು ವರ್ಷ ಎಂದು ಬಿಚ್ಚಿ ಹೇಳಿ, ಇಟ್ಟುಕೊಳ್ಳುವುದೋ ಬಿಡುವುದೋ ವಕೀಲರಿಗೆ ಬಿಟ್ಟದ್ದು. ಜ್ಯೂರಿಗೆ ಬಂದ ಮೇಲೆ, ಸಾಕ್ಷಿ ಹೇಳಿದ ಡಾಕ್ಟರ ಮಾತನ್ನು ನಿಮ್ಮ ಮನಸ್ಸಿನಲ್ಲಿ ತೂಗುವಾಗ ನಿಮ್ಮ ಅನುಭವ ತಾನಾಗಿ ಬರುತ್ತದೆ, ಅದನ್ನು ಯಾರೂ ತಡೆಯಲಾರರು. ಮೇಜಿನ ಸುತ್ತ ಯಾರಾದರೂ “ಸಿಸ್ಟರ್, ನೀವೇ ಹೇಳಿ, ಇಷ್ಟು ರಕ್ತ ಹೋದರೆ ಎಷ್ಟು ಹೊತ್ತಿಗೆ ಎಚ್ಚರ ತಪ್ಪುತ್ತದೆ?” ಎಂದು ಕೇಳಿಯೇ ಕೇಳುತ್ತಾರೆ. ಆಗ, “ಅದನ್ನು ನಾನು ಹೇಳುವಂತಿಲ್ಲ, ಡಾಕ್ಟರು ಏನು ಹೇಳಿದರೋ ಆ ಭಾಗ ಮತ್ತೆ ಓದಿಸೋಣ” ಅನ್ನಿ.

ಆ ಓದಿಸುವ ಕ್ರಮವನ್ನು ಚೆನ್ನಾಗಿ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಕೈಯಲ್ಲಿರುವ ನಿಜವಾದ ಸಾಧನ ಅದೇ. ಸಿನಿಮಾದವರು ಬಹುಪಾಲು ನೆನಪಿನಿಂದಲೇ ಜಗಳವಾಡುತ್ತಾರೆ. ನೀವು ಚೀಟಿ ಬರೆದು ಕೋರ್ಟ್ ಆಫೀಸರ್ ಕೈಯಲ್ಲಿ ಜಡ್ಜ್‌ಗೆ ಕಳುಹಿಸಬಹುದು. ಮೂರು ಬಗೆಯ ಬೇಡಿಕೆ ಇಡಬಹುದು: ದಾಖಲಾದ ವಸ್ತು, ಚಿತ್ರ, ನಕ್ಷೆ ನೋಡಬೇಕು, ಇಂಥವರ ಸಾಕ್ಷ್ಯದ ಇಂಥ ಭಾಗ ಓದಿ ಕೇಳಿಸಬೇಕು, ಕಾನೂನಿನ ಈ ಸೂಚನೆ ಮತ್ತೆ ವಿವರಿಸಬೇಕು. “ಎದುರು ಮನೆಯವರ ಸಾಕ್ಷ್ಯ ಬೇಕು” ಎಂದಷ್ಟೇ ಬರೆದರೆ ಒಂದು ದಿನದ ಓದು ನಿಮ್ಮ ಮೇಲೆ ಬೀಳುತ್ತದೆ. “ರೈಲು ಹಾದು ಹೋದ ಸಮಯ ಮತ್ತು ಕಿಟಕಿಯಿಂದ ಕಂಡದ್ದರ ಬಗ್ಗೆ ಹೇಳಿದ್ದು, ಪಾಟೀಸವಾಲೂ ಸೇರಿ” ಎಂದು ಬರೆಯಿರಿ. ಪಾಟೀಸವಾಲು ಎಂಬ ಮಾತು ಬಿಡಬೇಡಿ. ಚೀಟಿಗೆ ದಿನಾಂಕ, ಸಮಯ, ಸಹಿ ಇರಲಿ. 1991ರ ಒರಾಮಾ ತೀರ್ಪಿನ ನಂತರ ನ್ಯೂಯಾರ್ಕಿನಲ್ಲಿ ಮುಖ್ಯ ವಿಷಯದ ಪ್ರತಿ ಚೀಟಿಯನ್ನೂ ದಾಖಲೆಗೆ ಸೇರಿಸಿ, ಎರಡೂ ಕಡೆಯ ವಕೀಲರಿಗೆ ಓದಿ ಹೇಳಿಯೇ ಉತ್ತರ ಕೊಡಬೇಕು. ಹಾಗಾಗಿ ಯಾರು ಯಾವ ಕಡೆ, ಮತ ಎಷ್ಟಕ್ಕೆ ಎಷ್ಟು ಎಂಬುದನ್ನು ಮಾತ್ರ ಎಂದೂ ಬರೆಯಬೇಡಿ.

ಹತ್ತನೆಯ ಜ್ಯೂರರ್ ‘ಆ ಜನವೇ ಹಾಗೆ’ ಎಂದು ವಿಷ ಕಾರಿದಾಗ ಉಳಿದವರು ಒಬ್ಬೊಬ್ಬರಾಗಿ ಎದ್ದು ಬೆನ್ನು ತಿರುಗಿಸುತ್ತಾರೆ. ಅಂಥ ಮಾತು ನಿಮ್ಮ ಕೋಣೆಯಲ್ಲಿ ಬಂದರೆ ಬೆನ್ನು ತಿರುಗಿಸಿ ಸುಮ್ಮನಿರಬೇಡಿ, ಆಗಲೇ ಜಡ್ಜ್‌ಗೆ ಚೀಟಿ ಕಳುಹಿಸಿ. ತೀರ್ಪಾದ ಮೇಲೆ ಚರ್ಚೆಯ ಒಳಗಿನ ಮಾತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕೆದಕುವುದಿಲ್ಲ. ಜನಾಂಗದ್ವೇಷದಿಂದಲೇ ಅಪರಾಧಿ ಎಂದದ್ದು ಸ್ಪಷ್ಟವಾಗಿದ್ದರೆ ಕೆದಕಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಾದರೂ, ಅಷ್ಟು ಹೊತ್ತಿಗೆ ಆರೋಪಿ ಜೈಲಿನಲ್ಲಿ ದಿನ ಕಳೆದಿರುತ್ತಾನೆ.

ಈಗ ತಂದೆಯವರ ಮಾತಿಗೆ ಬರೋಣ. ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾಗೆ ಗುಂಡು ಹೊಡೆದದ್ದು 1959ರ ಏಪ್ರಿಲ್ 27ರಂದು. ಜ್ಯೂರಿ ಪದ್ಧತಿ ಬೇಡ ಎಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಶಿಫಾರಸು ಮಾಡಿದ್ದು 1958ರಲ್ಲಿ. ಎಂದರೆ ಆ ಕೇಸು ಹುಟ್ಟುವ ಮೊದಲೇ ಜ್ಯೂರಿಯ ದಿನಗಳು ಎಣಿಕೆಯಾಗಿದ್ದವು. ನಂತರವೂ ಪಶ್ಚಿಮ ಬಂಗಾಳದಂಥ ಕಡೆ ಜ್ಯೂರಿ ವಿಚಾರಣೆ ನಡೆದವು. ಪೂರ್ತಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್‌ನಲ್ಲಿ ಜಾರಿಯಾದಾಗ. ಪಾರ್ಸಿಗಳ ವಿವಾಹ ನ್ಯಾಯಾಲಯದಲ್ಲಿ ಐವರು ಪ್ರತಿನಿಧಿಗಳು ಕೂರುವ ಪದ್ಧತಿ ಮಾತ್ರ ಅದರ ನೆನಪಿನಂತೆ ಉಳಿಯಿತು. ತಂದೆಯವರಿಗೆ ಇನ್ನೊಂದು ವಿಷಯ ಹೇಳಿ. ಬೊಂಬಾಯಿಯ ಆ ಜ್ಯೂರಿ 8–1ರಿಂದ ನಿರಪರಾಧಿ ಎಂದಿತು. ಒಪ್ಪದ ಸೆಷನ್ಸ್ ಜಡ್ಜ್ ಕೇಸನ್ನು ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬಹುಮತ ಸಾಕು, ಜಡ್ಜ್ ಒಪ್ಪದಿದ್ದರೆ ಮೇಲಕ್ಕೆ ಕಳುಹಿಸಬಹುದು, ಇದು ಅಲ್ಲಿನ ವ್ಯವಸ್ಥೆ. ಎಂಟನೆಯ ಜ್ಯೂರರ್ ಆ ಕೋರ್ಟಿನಲ್ಲಿ ಇದ್ದಿದ್ದರೆ ಮೊದಲ ಮತಕ್ಕೇ ಕಥೆ ಮುಗಿಯುತ್ತಿತ್ತು. ಅಮೆರಿಕದಲ್ಲೂ ಲೂಸಿಯಾನಾ, ಒರೆಗನ್ ರಾಜ್ಯಗಳಲ್ಲಿ ಹಲವು ಗಂಭೀರ ಅಪರಾಧಗಳಿಗೆ 10–2 ಸಾಕಿತ್ತು, ಎಲ್ಲ ಗಂಭೀರ ಅಪರಾಧಕ್ಕೂ ಒಮ್ಮತ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ.

ಕೊನೆಗೆ ನಿಮ್ಮ ಮುಖ್ಯ ಭಯ. ಒಬ್ಬರು ಹನ್ನೊಂದು ಜನರನ್ನು ತಿರುಗಿಸುವುದು ನಿಜದಲ್ಲಿ ಬಹಳ ಅಪರೂಪ. ಶಿಕಾಗೋ ಮತ್ತು ಬ್ರೂಕ್ಲಿನ್‌ನ 225 ಜ್ಯೂರಿಗಳ ಮೊದಲ ಮತವನ್ನು ಹ್ಯಾರಿ ಕ್ಯಾಲ್ವೆನ್, ಹಾನ್ಸ್ ಝೈಸೆಲ್ ಎಂಬ ವಿದ್ವಾಂಸರು ಕಲೆಹಾಕಿ 1966ರಲ್ಲಿ ಪ್ರಕಟಿಸಿದರು. ಮೊದಲ ಮತದಲ್ಲಿ ಯಾವ ಕಡೆ ಹೆಚ್ಚೋ ಹತ್ತರಲ್ಲಿ ಒಂಬತ್ತು ಸಲ ತೀರ್ಪೂ ಆ ಕಡೆಗೇ. ಆದ್ದರಿಂದ ಕೂತ ತಕ್ಷಣ ಕೈ ಎತ್ತಿಸುವ ಅವಸರ ಕಂಡರೆ, “ಮೊದಲು ಸಾಕ್ಷ್ಯ ಒಂದೊಂದಾಗಿ ಮಾತಾಡೋಣ, ಮತ ಆಮೇಲೆ” ಎಂದು ಕೇಳಿ. ಒಮ್ಮೆ ಎಲ್ಲರೆದುರು ‘ಅಪರಾಧಿ’ ಎಂದವರಿಗೆ ಮನಸ್ಸು ಬದಲಿಸುವುದು ಮಾನದ ಪ್ರಶ್ನೆಯಾಗುತ್ತದೆ, ಸಿನಿಮಾದಲ್ಲಿ ಕೊನೆಯವರೆಗೂ ‘ಅಪರಾಧಿ’ ಎಂದೇ ಹಠ ಹಿಡಿದ ಮೂರನೆಯ ಜ್ಯೂರರ್‌ನ ಕಷ್ಟ ಅದೇ.

ಅಷ್ಟಾದ ಮೇಲೂ ಒಬ್ಬರೇ ಉಳಿದರೆ ನಿಮ್ಮ ಮುಂದೆ ಎರಡು ದಾರಿ. ಉಳಿದವರ ಮಾತು ನಿಜಕ್ಕೂ ಮನವರಿಕೆಯಾದರೆ ಬದಲಾಗಬಹುದು, ಅದು ಸೋಲಲ್ಲ. ಮನವರಿಕೆ ಆಗದಿದ್ದರೆ ಕಾರಣ ಹೇಳಿ ನಿಲ್ಲಿ. ಒಮ್ಮತವಾಗುತ್ತಿಲ್ಲ ಎಂದು ಚೀಟಿ ಹೋದರೆ ಜಡ್ಜ್ ಇನ್ನಷ್ಟು ಪ್ರಯತ್ನಿಸಿ ಎಂದು ತಿಳಿಹೇಳಿ ಮತ್ತೆ ಒಳಗೆ ಕಳುಹಿಸುತ್ತಾರೆ. ಆ ಮಾತು ಕೇಳುವಾಗ ನಿಮ್ಮೊಬ್ಬರನ್ನೇ ನೋಡಿ ಹೇಳಿದಂತೆ ಅನ್ನಿಸುತ್ತದೆ. ಆದರೆ ಅದು ಹನ್ನೆರಡೂ ಜನಕ್ಕೆ, ಅದರಲ್ಲೇ ‘ಆತ್ಮಸಾಕ್ಷಿಗೆ ಒಪ್ಪದ್ದನ್ನು ಬರೀ ತೀರ್ಪಿಗಾಗಿ ಬಿಟ್ಟುಕೊಡಬೇಡಿ’ ಎಂಬ ಭಾಗವೂ ಇರಬೇಕು. ಕೊನೆಗೂ ಆಗದಿದ್ದರೆ ಜ್ಯೂರಿಯನ್ನು ಬಿಡುಗಡೆ ಮಾಡುತ್ತಾರೆ. ಪ್ರಾಸಿಕ್ಯೂಷನ್ ಮತ್ತೆ ವಿಚಾರಣೆ ನಡೆಸಬಹುದು, ಹುಡುಗನಂಥ ಆರೋಪಿ ಅಷ್ಟು ದಿನ ಒಳಗೇ ಇರಬಹುದು, ಸತ್ತವರ ಮನೆಯವರು ಇನ್ನೊಮ್ಮೆ ಎಲ್ಲವನ್ನೂ ಕೇಳಬೇಕಾಗಬಹುದು. ಈ ಬೆಲೆ ಇದೆ ಎಂಬುದು ತಿಳಿದಿರಲಿ. ನಿಮಗೆ ಮಾತ್ರ ಅದಕ್ಕಾಗಿ ಯಾವ ಶಿಕ್ಷೆಯೂ ಇಲ್ಲ. ಚರ್ಚೆ ಶುರುವಾದ ಮೇಲೆ ಬದಲಿ ಜ್ಯೂರರ್ ಅನ್ನು ಕೂರಿಸಲು ನ್ಯೂಯಾರ್ಕಿನಲ್ಲಿ ಆರೋಪಿಯ ಲಿಖಿತ ಒಪ್ಪಿಗೆ ಬೇಕು. ಭಿನ್ನಾಭಿಪ್ರಾಯ ಇದೆ ಎಂಬ ಕಾರಣಕ್ಕೆ ನಿಮ್ಮನ್ನು ಎಬ್ಬಿಸಲಾರರು.

ಇನ್ನೊಂದು ಬಾಗಿಲೂ ಇದೆ, ಸಿನಿಮಾದಲ್ಲಿ ಅದು ಕಾಣುವುದಿಲ್ಲ. ಫೋರ್‌ಪರ್ಸನ್ ತೀರ್ಪು ಓದಿದ ಮೇಲೆ ಯಾವುದಾದರೂ ಕಡೆಯ ವಕೀಲರು ಕೇಳಿದರೆ ಜ್ಯೂರರ್‌ಗಳನ್ನು ಒಬ್ಬೊಬ್ಬರಾಗಿ, ತೆರೆದ ಕೋರ್ಟಿನಲ್ಲಿ, ‘ಇದು ನಿಮ್ಮ ತೀರ್ಪೇ?’ ಎಂದು ಕೇಳುತ್ತಾರೆ. ಹನ್ನೆರಡರಲ್ಲಿ ಒಬ್ಬರು ‘ಅಲ್ಲ’ ಎಂದರೂ ಜಡ್ಜ್ ಆ ತೀರ್ಪನ್ನು ಸ್ವೀಕರಿಸುವಂತಿಲ್ಲ, ಎಲ್ಲರನ್ನೂ ಮತ್ತೆ ಚರ್ಚೆಗೆ ಕಳುಹಿಸಬೇಕು.